ದಾವಿದ್‌ನ ‘ಪಟ್ಟಾಭಿಷೇಕ’: ಚಿತ್ರದ ಕೆಳಗೆ ಏನಂತ ಬರೆಯೋದು?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನ ಇತಿಹಾಸ ವಿಭಾಗದ ಗೋಡೆಗೆ ಜಾಕ್ ಲೂಯಿ ದಾವಿದ್ ಬರೆದ ನೆಪೋಲಿಯನ್ ಪಟ್ಟಾಭಿಷೇಕದ ಚಿತ್ರದ ದೊಡ್ಡ ಪ್ರಿಂಟ್ ಹಾಕಿಸಬೇಕು. ಗೋಡೆಯಲ್ಲಿ 6 ಅಡಿ ಅಗಲ ಸಿಗುತ್ತೆ. ಕೆಳಗೆ ಕನ್ನಡದಲ್ಲಿ ವಿವರಣೆ ಇರಬೇಕು. ಸದ್ಯಕ್ಕೆ ಕರಡು ಹೀಗಿದೆ:

“ನೆಪೋಲಿಯನ್ ಪಟ್ಟಾಭಿಷೇಕ, 1804. ಪೋಪ್ ಕೈಯಿಂದ ಕಿರೀಟ ಕಿತ್ತುಕೊಂಡು ನೆಪೋಲಿಯನ್ ತಾನೇ ಧರಿಸುತ್ತಿರುವ ದೃಶ್ಯ.”

ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ. ಇಂಟರ್ನೆಟ್‌ನಲ್ಲಿ ಸಿಗೋ ಚಿತ್ರಗಳಲ್ಲಿ ಒಂದೊಂದರ ಬಣ್ಣ ಒಂದೊಂದು ಥರ ಇದೆ, ಒಂದೆರಡರಲ್ಲಿ ಉಡುಪಿನ ಬಣ್ಣವೇ ಬೇರೆ. ಯಾವುದನ್ನು ತಗೊಳ್ಳೋದು ಅನ್ನೋದೂ ಗೊತ್ತಾಗಬೇಕು.

ಹಳೇಬರಹ

ಕರಡಿನ ಎರಡು ಸಾಲಿನಲ್ಲಿ ಮೂರು ತಪ್ಪಿವೆ.

ಮೊದಲು ದೃಶ್ಯ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ನೆಪೋಲಿಯನ್ ತಲೆ ಮೇಲೆ ಬಂಗಾರದ ಎಲೆಗಳ ಮಾಲೆ ಆಗಲೇ ಇದೆ. ಎರಡೂ ಕೈಯಲ್ಲಿ ಎತ್ತಿ ಹಿಡಿದ ಕಿರೀಟ ಹೋಗ್ತಿರೋದು ಎದುರಿಗೆ ಮಂಡಿಯೂರಿದ ಹೆಂಡತಿ ಜೋಸೆಫೀನಳ ತಲೆಗೆ. ಎಲ್ಲರೂ ನೆಪೋಲಿಯನ್ ಪಟ್ಟಾಭಿಷೇಕ ಅಂತ ಕರೆಯೋ ಈ ಚಿತ್ರದಲ್ಲಿ ಅವನ ಪಟ್ಟ ಆಗಿ ಮುಗಿದಿದೆ. ನಮಗೆ ಕಾಣೋದು ಅವಳದು.

ಎರಡನೆಯದು ‘ಕಿತ್ತುಕೊಂಡು’. ಏಳನೇ ಪಯಸ್ ಪೋಪ್ ಆ ದಿನ ನೆಪೋಲಿಯನ್‌ನ ತಲೆಗೂ ಎರಡೂ ಕೈಗೂ ಪವಿತ್ರ ತೈಲ ಹಚ್ಚಿ ಅಭಿಷೇಕ ಮಾಡಿದ. ಆಮೇಲೆ ಪೀಠದ ಮೇಲಿದ್ದ ಕಿರೀಟವನ್ನು ನೆಪೋಲಿಯನ್ ತಾನೇ ತಗೊಂಡು ಧರಿಸಿದ, ನಂತರ ಹೆಂಡತಿಗೆ ತೊಡಿಸಿದ. ಇದೆಲ್ಲ ಮುಂಚೆಯೇ ಎರಡೂ ಕಡೆಯವರು ಕೂತು ಮಾತಾಡಿ ಒಪ್ಪಿಕೊಂಡಿದ್ದ ಕ್ರಮ. ಕಸಿದುಕೊಂಡ ಕಥೆ ಶಾಲಾ ಪುಸ್ತಕಗಳಲ್ಲಿ ಚೆನ್ನಾಗಿ ಬೇರೂರಿದೆ, ಅದನ್ನೇ ಗೋಡೆ ಮೇಲೂ ಹಾಕಿದರೆ ಇನ್ನೂ ಇಪ್ಪತ್ತು ವರ್ಷ ಉಳಿಯುತ್ತೆ.

ಮೂರನೆಯದು ಇಸವಿ. 1804ರ ಡಿಸೆಂಬರ್ 2, ಭಾನುವಾರ, ಸಮಾರಂಭ ನಡೆದ ದಿನ. ಚಿತ್ರ ಶುರುವಾದದ್ದು 1805ರ ಡಿಸೆಂಬರ್ 21ಕ್ಕೆ, ಮುಗಿದದ್ದು 1807ರ ನವೆಂಬರ್‌ನಲ್ಲಿ. ಎರಡೂ ಇಸವಿಗಳನ್ನು ಬೇರೆಬೇರೆ ಹಾಕಿ. ಇಲ್ಲದಿದ್ದರೆ ನೋಡುವವರು ಇದನ್ನು ಆ ದಿನ ಕಂಡಂತೆ ಬರೆದ ವರದಿ ಅಂದುಕೊಳ್ಳುತ್ತಾರೆ. ಇದು ಎರಡು ವರ್ಷ ಕೂತು ಕಟ್ಟಿದ ಚಿತ್ರ.

ನುಡಿಗಟ್ಟು

ಹೆಸರಿನ ಬಗ್ಗೆ ಒಂದು ಮಾತು. ಫ್ರೆಂಚ್ ಶೀರ್ಷಿಕೆಯಲ್ಲಿ ಎರಡು ಬೇರೆ ಪದಗಳಿವೆ. ಚಕ್ರವರ್ತಿಗೆ ‘ಸಾಕ್ರ್’ ಅನ್ನುತ್ತೆ, ಅಂದರೆ ತೈಲ ಹಚ್ಚಿ ಪವಿತ್ರಗೊಳಿಸೋದು. ಸಾಮ್ರಾಜ್ಞಿಗೆ ‘ಕುರೋನ್‌ಮಾಂ’ ಅನ್ನುತ್ತೆ, ಅಂದರೆ ಕಿರೀಟ ತೊಡಿಸೋದು. ಇಂಗ್ಲಿಷ್‌ನಲ್ಲಿ ಇವೆರಡೂ ಕೊರೊನೇಷನ್ ಅನ್ನೋ ಒಂದೇ ಮಾತಿನಲ್ಲಿ ಕರಗಿ ಹೋಗುತ್ತವೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ಪಟ್ಟಾಭಿಷೇಕ ಅನ್ನೋ ಮಾತಿನಲ್ಲೇ ಪಟ್ಟ ಬೇರೆ, ಅಭಿಷೇಕ ಬೇರೆ. ಹಳೆಯ ಕನ್ನಡದಲ್ಲಿ ಹಣೆಗೆ ಪಟ್ಟ ಕಟ್ಟೋದಕ್ಕೆ ‘ಪಟ್ಟಬಂಧ’ ಅಂತ ಪ್ರತ್ಯೇಕ ಪದವೇ ಇತ್ತು. ಸಮಾರಂಭದ ದಿನ ಪ್ಯಾರಿಸ್‌ನ ನೋತ್ರ ದಾಮ್ ಚರ್ಚಿನಲ್ಲಿ ನಡೆದದ್ದನ್ನು ಇದಕ್ಕಿಂತ ನಿಖರವಾಗಿ ಹೇಳೋ ಮಾತು ಸಿಗಲ್ಲ: ಅಭಿಷೇಕ ಪೋಪ್‌ನದು, ಪಟ್ಟ ನೆಪೋಲಿಯನ್ ತಾನೇ ಕಟ್ಟಿಕೊಂಡದ್ದು.

ಹಾಗಾಗಿ ಶೀರ್ಷಿಕೆ ಹೀಗಿರಲಿ: “ಚಕ್ರವರ್ತಿ ಮೊದಲನೇ ನೆಪೋಲಿಯನ್‌ನ ಅಭಿಷೇಕ, ಸಾಮ್ರಾಜ್ಞಿ ಜೋಸೆಫೀನಳ ಕಿರೀಟಧಾರಣೆ.”

ಸಂಪಿಗೆಮರ

ಇದು ತುಂಬ ಚೆನ್ನಾಗಿದೆ, ಹಾಗೇ ಹಾಕ್ತೀನಿ. ಆದರೆ ಒಂದು ಅನುಮಾನ. ತಾನೇ ಕಿರೀಟ ಇಟ್ಟುಕೊಂಡ ಗಳಿಗೆಯೇ ದೊಡ್ಡ ಸುದ್ದಿ ಅಲ್ಲವಾ? ಅದನ್ನು ಬಿಟ್ಟು ಹೆಂಡತಿಯದನ್ನು ಯಾಕೆ ಬರೆದ?

ಹಳೇಬರಹ

ಮೊದಲು ಬರೆಯೋಕೆ ಹೊರಟಿದ್ದು ಅದನ್ನೇ. ಆ ರೇಖಾಚಿತ್ರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಉಳಿದಿದೆ. ಅದರಲ್ಲಿ ನೆಪೋಲಿಯನ್ ಬಲಗೈಲಿ ಕಿರೀಟವನ್ನು ತನ್ನ ತಲೆ ಮೇಲೆ ಎತ್ತಿದ್ದಾನೆ, ಎಡಗೈಲಿ ಕತ್ತಿಯನ್ನು ಎದೆಗೆ ಒತ್ತಿ ಹಿಡಿದಿದ್ದಾನೆ, ಮೈ ಹಿಂದಕ್ಕೆ ಬಾಗಿದೆ. ಪೋಪ್ ಅವನ ಬೆನ್ನ ಹಿಂದೆ ಕೈಗಳನ್ನು ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾನೆ.

ಆ ಭಂಗಿಯ ತೊಂದರೆ ಕಾಗದದ ಮೇಲೇ ಕಾಣುತ್ತೆ. ಒಬ್ಬನೇ ಮನುಷ್ಯ ತನ್ನ ತಲೆಗೆ ತಾನೇ ಏನೋ ಇಟ್ಟುಕೊಳ್ಳುವಾಗ ಅವನ ಕ್ರಿಯೆ ಅವನಲ್ಲೇ ಮುಗಿಯುತ್ತೆ. ಸುತ್ತ ನಿಂತ ನೂರಾರು ಜನಕ್ಕೂ ಅದಕ್ಕೂ ಕೊಂಡಿ ಸಿಗಲ್ಲ. ಬೆನ್ನ ಹಿಂದೆ ಸುಮ್ಮನೆ ಕೂತ ಪೋಪ್ ಇದ್ದರಂತೂ ಅವಮಾನ ಮಾಡಿದ ಹಾಗೆ ಕಾಣುತ್ತೆ, ರಾಜಕೀಯವಾಗಿ ಅದು ಯಾರಿಗೂ ಬೇಕಿರಲಿಲ್ಲ. ಚಿತ್ರಕಾರ ಜೆರಾರ್ ಈ ಬದಲಾವಣೆ ಸೂಚಿಸಿದ ಅಂತ ಹೇಳೋದುಂಟು. ಜೋಸೆಫೀನಳನ್ನು ಎದುರಿಗೆ ಮಂಡಿಯೂರಿಸಿದ ಕೂಡಲೇ ಎತ್ತಿದ ಕೈಗೆ ಒಂದು ಗುರಿ ಸಿಕ್ಕಿತು, ಇಬ್ಬರ ನಡುವೆ ಒಂದು ಖಾಲಿ ಜಾಗ ಸಿಕ್ಕಿತು, ಎಲ್ಲರ ಕಣ್ಣೂ ಆ ಖಾಲಿ ಜಾಗಕ್ಕೆ ಬಂದು ಸೇರಿತು.

ಪೋಪ್‌ನ ಕೈಯೂ ಆಮೇಲೆ ಬದಲಾದದ್ದೇ. ಅವನನ್ನು ಇಷ್ಟು ದೂರದಿಂದ ಕರೆಸಿದ್ದು ಸುಮ್ಮನೆ ಕೂರಿಸೋಕಲ್ಲ ಅಂತ ನೆಪೋಲಿಯನ್ ಹೇಳಿದನೆಂಬ ಮಾತು ಪ್ರಚಲಿತ. ಈಗ ಚಿತ್ರದಲ್ಲಿ ಅವನ ಬಲಗೈ ಆಶೀರ್ವಾದಕ್ಕೆ ಎದ್ದಿದೆ. ಆ ಕೈಯನ್ನು ಹತ್ತಿರದಿಂದ ನೋಡಿ. ಹುರುಪಿನಿಂದ ಎತ್ತಿದ ಕೈ ಅಲ್ಲ ಅದು, ಮೊಣಕೈ ಮೈಗೆ ಹತ್ತಿರವೇ ಇದೆ, ಮುಖದಲ್ಲಿ ಏನೂ ಹೇಳದ ಗಾಂಭೀರ್ಯ. ಕೈ ಬದಲಾಯಿತು, ಮುಖ ಬದಲಾಗಲಿಲ್ಲ ಅನ್ನಿಸುತ್ತೆ. ಇಡೀ ಚಿತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದೇ. ಪೋಪ್ ಪ್ಯಾರಿಸ್‌ನಲ್ಲಿದ್ದಾಗಲೇ, 1805ರಲ್ಲಿ, ದಾವಿದ್ ಅವನ ಭಾವಚಿತ್ರವನ್ನು ಬೇರೆಯಾಗಿ ಬರೆದಿದ್ದ. ಅದೂ ಲೂವ್ರ್‌ನಲ್ಲಿದೆ. ಇಲ್ಲಿನ ಮುಖಕ್ಕೆ ಆ ಅಧ್ಯಯನವೇ ಬುನಾದಿ.

ಅಚ್ಚುಮೊಳೆ

ಪ್ರಿಂಟ್ ವಿಚಾರಕ್ಕೆ ಬರ್ತೀನಿ. ಮೂಲ ಚಿತ್ರ 6.21 ಮೀಟರ್ ಎತ್ತರ, 9.79 ಮೀಟರ್ ಅಗಲ. ಅಗಲವನ್ನು ಎತ್ತರದಿಂದ ಭಾಗಿಸಿದರೆ 1.576. ನಿಮ್ಮ 6 ಅಡಿ ಅಗಲಕ್ಕೆ ಎತ್ತರ 3 ಅಡಿ 9.7 ಇಂಚು ಬರಬೇಕು, 4 ಅಡಿ ಅಲ್ಲ. ತೊಂದರೆ ಆಗೋದು ಇಲ್ಲೇ. ಅಂಗಡಿಯಲ್ಲಿ ‘6 ಬೈ 4’ ಅಂತ ಆರ್ಡರ್ ಬರೆದುಕೊಳ್ತಾರೆ. ಆಮೇಲೆ ಆಪರೇಟರ್ ಒಂದೋ ಚಿತ್ರವನ್ನು ಉದ್ದಕ್ಕೆ ಎಳೀತಾನೆ, ಇಲ್ಲ ಎಡಬಲ ಕತ್ತರಿಸ್ತಾನೆ. ಎಳೆದರೆ ಎಲ್ಲರ ಮುಖವೂ ಉದ್ದವಾಗುತ್ತೆ. ಕತ್ತರಿಸಿದರೆ ಮೂಲದ ಲೆಕ್ಕದಲ್ಲಿ ಸುಮಾರು 48 ಸೆಂಟಿಮೀಟರ್ ಹೋಗುತ್ತೆ, ಅಂಚಿನಲ್ಲಿ ನಿಂತವರ ಹೆಗಲು ತೋಳು ಕಾಣೆಯಾಗುತ್ತವೆ. ‘72 ಇಂಚು ಅಗಲ, 45.7 ಇಂಚು ಎತ್ತರ, ಎಳೀಬೇಡಿ, ಕತ್ತರಿಸಬೇಡಿ’ ಅಂತ ಬಿಲ್ ಮೇಲೆಯೇ ಬರೆಸಿ. ಉಳಿಯುವ 2.3 ಇಂಚನ್ನು ಮೇಲೆ ಕೆಳಗೆ ಸಮವಾಗಿ ಬಿಳಿ ಪಟ್ಟಿ ಬಿಡಿಸಬಹುದು.

ಫೈಲ್ ಗಾತ್ರ: ಇಂಚಿಗೆ 150 ಚುಕ್ಕಿ ಬೇಕಂದರೆ ಅಗಲ 10,800 ಪಿಕ್ಸೆಲ್, ಎತ್ತರ ಸುಮಾರು 6,850. ದೂರದಿಂದ ನೋಡೋ ಪ್ರಿಂಟ್‌ಗೆ 100 ಚುಕ್ಕಿ ಸಾಕು, ಆಗ 7,200 ಪಿಕ್ಸೆಲ್ ಅಗಲ. ಅದಕ್ಕಿಂತ ಕೆಳಗೆ ಇಳೀಬೇಡಿ. ಮುಂದಿನ ಸಾಲಿನವರು ಮೂಲದಲ್ಲಿ ಹೆಚ್ಚುಕಡಿಮೆ ಆಳೆತ್ತರ ಇದ್ದಾರೆ, ನಿಮ್ಮ ಪ್ರಿಂಟ್‌ನಲ್ಲಿ ಅವರ ಮುಖ 4 ಸೆಂಟಿಮೀಟರ್ ಬರುತ್ತೆ. ಮೇಲಿನ ಗ್ಯಾಲರಿಯಲ್ಲಿರೋ ಮುಖಗಳು ಹೆಬ್ಬೆರಳ ಉಗುರಿನಷ್ಟು. ಸಣ್ಣ ಫೈಲ್ ಹಾಕಿದರೆ ಅವೆಲ್ಲ ಹಿಟ್ಟಿನ ಉಂಡೆ ಆಗಿಬಿಡುತ್ತವೆ.

ಬಣ್ಣದಲ್ಲಿ ಕೈಕೊಡೋದು ಕೆಂಪು. ವೆಲ್ವೆಟ್ ಮೇಲಂಗಿಗಳ ಗಾಢ ಕೆಂಪು ನಾಲ್ಕು ಬಣ್ಣದ ಮುದ್ರಣಕ್ಕೆ ಹೋದಾಗ ಒಂದೋ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ, ಇಲ್ಲ ಕಪ್ಪಾಗಿ ಕೂರುತ್ತೆ. ಜೋಸೆಫೀನಳ ಮೇಲಂಗಿ ಮತ್ತು ಬಲಗಡೆ ನೆರಳಲ್ಲಿ ನಿಂತ ಗಣ್ಯರು, ಇವೆರಡೂ ಇರೋ ಒಂದು ಅಡಿ ತುಂಡನ್ನು ಮೊದಲು ಪ್ರೂಫ್ ತೆಗೆಸಿ. ಮೇಲಂಗಿಯ ಮಡಿಕೆಗಳೂ ಬಲಗಡೆಯವರ ಬಟ್ಟೆಯ ಅಂಚುಗಳೂ ಎರಡೂ ಬಿಡಿಸಿ ಕಂಡರೆ ಫೈಲ್ ಸರಿಯಿದೆ ಅಂತ. ಫ್ಲೆಕ್ಸ್ ಬೇಡ, ಮಿಂಚುತ್ತೆ, ಟ್ಯೂಬ್‌ಲೈಟ್ ಪಟ್ಟೆ ಸರಿಯಾಗಿ ನೆಪೋಲಿಯನ್ ಮೇಲೇ ಬೀಳುತ್ತೆ. ಕ್ಯಾನ್ವಾಸ್ ಪ್ರಿಂಟ್ ಅಥವಾ ಮ್ಯಾಟ್ ಲ್ಯಾಮಿನೇಷನ್ ಹಾಕಿದ ಕಾಗದ ತಗೊಳ್ಳಿ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಸುತ್ತಿ ಹೊಡೆಯೋದಾದರೆ ನಾಲ್ಕೂ ಕಡೆ 2 ಇಂಚು ಹೆಚ್ಚಿಗೆ ಬೇಕು. ಆ 2 ಇಂಚಿಗೆ ಚಿತ್ರವನ್ನೇ ಮಡಚಬೇಡಿ, ಒಂದೇ ಗಾಢ ಬಣ್ಣ ಕೊಡಿಸಿ.

ಕಾವೇರಿತೀರ

ಉಡುಪಿನ ಬಣ್ಣ ಬೇರೆ ಕಾಣೋದಕ್ಕೆ ಕಾರಣ ಇದೆ, ಅದು ಸ್ಕ್ಯಾನಿಂಗ್ ದೋಷ ಅಲ್ಲ. ಚಿತ್ರ ಎರಡಿದೆ.

ಮೊದಲನೆಯದು ಲೂವ್ರ್‌ನಲ್ಲಿ. ಎರಡನೆಯದು ವರ್ಸಾಯ್ ಅರಮನೆಯಲ್ಲಿ. ಈ ಎರಡನೆಯದನ್ನು ದಾವಿದ್ 1808ರಲ್ಲಿ ಅಮೆರಿಕದ ವ್ಯಾಪಾರಿಗಳಿಗಾಗಿ ಶುರು ಮಾಡಿದ. ನೆಪೋಲಿಯನ್ ಬಿದ್ದ ಮೇಲೆ, ಹದಿನಾರನೇ ಲೂಯಿಯ ಮರಣದಂಡನೆಗೆ 1793ರಲ್ಲಿ ಮತ ಹಾಕಿದ್ದ ದಾವಿದ್ ದೇಶ ಬಿಟ್ಟು ಹೋಗಬೇಕಾಯಿತು. ಹಾಗಾಗಿ ಅದು ಮುಗಿದದ್ದು 1822ರಲ್ಲಿ, ಬ್ರಸೆಲ್ಸ್‌ನಲ್ಲಿ. 1947ರಿಂದ ವರ್ಸಾಯ್‌ನಲ್ಲಿದೆ.

ಗುರುತಿಸೋದು ಸುಲಭ. ಎಡಗಡೆ ಸಾಲಾಗಿ ನಿಂತ ನೆಪೋಲಿಯನ್‌ನ ತಂಗಿಯರನ್ನು ನೋಡಿ. ಲೂವ್ರ್ ಚಿತ್ರದಲ್ಲಿ ಎಲ್ಲರದೂ ಬಿಳಿ ಉಡುಪು. ವರ್ಸಾಯ್ ಚಿತ್ರದಲ್ಲಿ ಎಡದಿಂದ ಎರಡನೆಯವಳದು ಗುಲಾಬಿ. ನಿಮ್ಮ ಫೈಲ್‌ನಲ್ಲಿ ಗುಲಾಬಿ ಕಂಡರೆ ‘ಲೂವ್ರ್, 1807’ ಅಂತ ಬರೀಬೇಡಿ.

ಇನ್ನೊಂದು ಗೊಂದಲವೂ ಆಗುತ್ತೆ. ವರ್ಸಾಯ್‌ನಲ್ಲಿ ಅದೇ ಕೋಣೆಯಲ್ಲಿ ದಾವಿದ್‌ನ ‘ಹದ್ದುಗಳ ವಿತರಣೆ’ ಅನ್ನೋ ಚಿತ್ರ ಇದೆ, 1810ರದು. ಸೇನಾ ತುಕಡಿಗಳಿಗೆ ತುದಿಯಲ್ಲಿ ಹದ್ದಿರೋ ಧ್ವಜ ಕೊಡೋ ಸಮಾರಂಭ. ಪಟ್ಟಾಭಿಷೇಕದ ಸರಣಿಗೆ ನಾಲ್ಕು ಚಿತ್ರ ಯೋಜನೆಯಾಗಿದ್ದವು, ಮುಗಿದದ್ದು ಇವೆರಡೇ. ಹದ್ದುಗಳ ಚಿತ್ರದಲ್ಲೂ ಮೊದಲು ಜೋಸೆಫೀನ್ ಇದ್ದಳು. 1809ರ ಕೊನೆಯಲ್ಲಿ ವಿಚ್ಛೇದನ ಆಯಿತು, ಅವಳನ್ನು ಅಳಿಸಬೇಕಾಯಿತು. ಅವಳಿದ್ದ ಜಾಗ ತುಂಬಿಸೋಕೆ ಅವಳ ಮಗ ಯೂಜೀನ್‌ನ ಕಾಲನ್ನು ಮುಂದಕ್ಕೆ ಚಾಚಿಸಿದ್ದಾನೆ. ಆ ಕಾಲು ಇವತ್ತಿಗೂ ಎಲ್ಲಿಗೋ ಹೊರಟ ಹಾಗೆ ಖಾಲಿ ಜಾಗದಲ್ಲಿ ನಿಂತಿದೆ. ಇಷ್ಟು ದೊಡ್ಡ ಚಿತ್ರದಲ್ಲಿ ಒಬ್ಬರನ್ನು ತೆಗೆದರೆ ಏನಾಗುತ್ತೆ ಅಂತ ವಿದ್ಯಾರ್ಥಿಗಳಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಸಂಪಿಗೆಮರ

ನನ್ನ ಹತ್ತಿರ ಇರೋದರಲ್ಲಿ ಎಲ್ಲರೂ ಬಿಳಿ. ಲೂವ್ರ್‌ದೇ ಅಂತಾಯ್ತು. ಅಚ್ಚುಮೊಳೆ ಅವರು ಕೊಟ್ಟ ಅಳತೆ ಬರೆದುಕೊಂಡಿದ್ದೀನಿ.

ಇನ್ನೆರಡು. ನೋತ್ರ ದಾಮ್ ಅಂದರೆ ಮೊನಚು ಕಮಾನಿನ ಗಾಥಿಕ್ ಕಟ್ಟಡ ತಾನೇ? ಚಿತ್ರದಲ್ಲಿ ದುಂಡು ಕಮಾನು, ಚೌಕ ಕಂಬ ಕಾಣ್ತಿವೆ. ಮತ್ತೆ, ಚಿತ್ರದಲ್ಲಿರೋರೆಲ್ಲ ಅವತ್ತು ನಿಜವಾಗಿ ಅಲ್ಲಿದ್ದರಾ?

ಹಳೇಬರಹ

ಕಟ್ಟಡದ ವಿಷಯದಲ್ಲಿ ದಾವಿದ್ ಸುಳ್ಳು ಹೇಳಿಲ್ಲ. ಪೆರ್ಸಿಯೆ ಮತ್ತು ಫೊಂತೇನ್ ಅನ್ನೋ ಇಬ್ಬರು ವಾಸ್ತುಶಿಲ್ಪಿಗಳು ಸಮಾರಂಭಕ್ಕಾಗಿ ಚರ್ಚಿನ ಒಳಗನ್ನೇ ಮರೆಮಾಡಿದ್ದರು. ಹಲಗೆ, ರಟ್ಟು, ಬಟ್ಟೆ, ಅಮೃತಶಿಲೆಯ ಹಾಗೆ ಕಾಣೋ ಬಣ್ಣ. ಗಾಥಿಕ್ ಕಂಬಗಳ ಮೇಲೆ ರೋಮನ್ ಮಾದರಿಯ ಹೊದಿಕೆ. ನಮ್ಮಲ್ಲಿ ಮದುವೆಗೆ ಛತ್ರದ ಕಂಬಗಳಿಗೆ ಬಟ್ಟೆ ಸುತ್ತಿ ಬೇರೆಯೇ ಮಂಟಪ ಮಾಡಿಬಿಡ್ತಾರಲ್ಲ, ಅದೇ ಕೆಲಸ, ಕೆಥೆಡ್ರಲ್ ಅಳತೆಯಲ್ಲಿ. ಚಿತ್ರದಲ್ಲಿರೋದು ಆ ಅಲಂಕಾರ.

ಜನರ ವಿಷಯ ಬೇರೆ. ನಡುವೆ, ಎತ್ತರದ ಆಸನದಲ್ಲಿ ಬಿಳಿ ಉಡುಪಿನಲ್ಲಿ ಕೂತಿರೋದು ನೆಪೋಲಿಯನ್‌ನ ತಾಯಿ ಲೆತಿಜಿಯಾ. ಅವತ್ತು ಅವಳು ಪ್ಯಾರಿಸ್‌ನಲ್ಲೇ ಇರಲಿಲ್ಲ. ಇನ್ನೊಬ್ಬ ಮಗ ಲೂಸಿಯನ್‌ಗೂ ನೆಪೋಲಿಯನ್‌ಗೂ ಲೂಸಿಯನ್‌ನ ಮದುವೆ ವಿಚಾರಕ್ಕೆ ಜಗಳ ಆಗಿತ್ತು, ತಾಯಿ ಲೂಸಿಯನ್ ಜತೆ ರೋಮ್‌ನಲ್ಲಿದ್ದಳು. ಬಾರದ ತಾಯಿಗೆ ಚಿತ್ರದಲ್ಲಿ ಎಲ್ಲರಿಗಿಂತ ಒಳ್ಳೆಯ ಜಾಗ ಕೊಡಿಸಿದ್ದಾನೆ.

ಪೋಪ್‌ನ ಹತ್ತಿರ ನಿಂತ ಬೋಳುತಲೆಯ ಕಾರ್ಡಿನಲ್ ಕಪ್ರಾರಾ ಅವತ್ತು ಕಾಯಿಲೆ ಬಿದ್ದಿದ್ದ, ಬಂದಿರಲಿಲ್ಲ. ಆಮೇಲೆ ತನ್ನನ್ನು ಟೋಪನ್ ಸಮೇತ ಬರೆಯಬೇಕು ಅಂತ ಅವನು ಹಠ ಹಿಡಿದ, ದಾವಿದ್ ಒಪ್ಪಲಿಲ್ಲ. ಸುತ್ತ ಇರೋ ಹೊಳೆಯುವ ಬಟ್ಟೆಗಳ ನಡುವೆ ಆ ಬೋಳುತಲೆಯ ದುಂಡು ಬೆಳಕು ಚಿತ್ರಕಾರನಿಗೆ ಎಷ್ಟು ಬೇಕಾಗಿತ್ತು ಅನ್ನೋದು ನೋಡಿದರೆ ಗೊತ್ತಾಗುತ್ತೆ.

ತಂಗಿಯರು ಅವತ್ತು ಜೋಸೆಫೀನಳ ಮೇಲಂಗಿಯ ಸೆರಗು ಹಿಡಿಯಬೇಕಾಗಿತ್ತು, ಅದಕ್ಕೆ ದೊಡ್ಡ ಅಸಮಾಧಾನ ಇತ್ತು. ಚಿತ್ರದಲ್ಲಿ ಅವರು ದೂರ ನಿಂತಿದ್ದಾರೆ, ಸೆರಗು ಹಿಡಿದಿರೋದು ಮದಾಂ ದ ಲಾ ರೋಶ್‌ಫುಕೊ ಮತ್ತು ಮದಾಂ ದ ಲಾವಲೆತ್. ಜೋಸೆಫೀನಳಿಗೆ ಆಗ 41 ವರ್ಷ. ಚಿತ್ರದಲ್ಲಿ ಹರೆಯದ ಹುಡುಗಿಯ ಹಾಗಿದ್ದಾಳೆ.

ದಾವಿದ್ ತನ್ನನ್ನೂ ಬಿಟ್ಟಿಲ್ಲ. ಲೆತಿಜಿಯಾ ಕೂತ ಜಾಗದ ಮೇಲಿನ ಗ್ಯಾಲರಿಯಲ್ಲಿ ನೋಡಿ, ಚಿತ್ರ ಬರೀತಾ ಇದ್ದಾನೆ. ಅಲ್ಲೇ ಅವನ ಗುರು ವಿಯೆನ್ ಕೂಡ ಇದ್ದಾನೆ.

ಕಾವೇರಿತೀರ

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ತೈಲಚಿತ್ರಗಳಿವೆಯಲ್ಲ, ಅಲ್ಲೂ ಇದೇ ಕೆಲಸದ ಇನ್ನೊಂದು ದಾರಿ ಕಾಣುತ್ತೆ. 1930, 40ರ ದಶಕದ ಮೆರವಣಿಗೆಗಳ ಫೋಟೋಗಳನ್ನಿಟ್ಟುಕೊಂಡು ಅರಮನೆಯ ಚಿತ್ರಕಾರರು ಬರೆದದ್ದು. ಗುರುತು ಸಿಗೋ ಮುಖಗಳು, ಗುರುತು ಸಿಗೋ ಸಮವಸ್ತ್ರ. ದಾವಿದ್‌ಗೆ ಫೋಟೋ ಇರಲಿಲ್ಲ, ಒಬ್ಬೊಬ್ಬರನ್ನೂ ಕೂರಿಸಿ ಬರೀಬೇಕಿತ್ತು. ನಿಮ್ಮ ವಿದ್ಯಾರ್ಥಿಗಳಿಗೆ ಎರಡನ್ನೂ ಒಟ್ಟಿಗೆ ತೋರಿಸಬಹುದು.

ತೈಲವರ್ಣ

ಹೇಗೆ ಕಟ್ಟಿದ ಅನ್ನೋದನ್ನೂ ವಿವರಣೆಯಲ್ಲಿ ಒಂದು ಸಾಲು ಸೇರಿಸಿ. ಸಾಮಾನ್ಯ ಸ್ಟುಡಿಯೋದಲ್ಲಿ ಹತ್ತು ಮೀಟರ್ ಬಟ್ಟೆ ನಿಲ್ಲಲ್ಲ, ಅದಕ್ಕೆ ಸೊರ್ಬೊನ್ ಪಕ್ಕದ ಹಳೇ ಕ್ಲೂನಿ ಚರ್ಚನ್ನು ಕೆಲಸದ ಮನೆ ಮಾಡಿಕೊಂಡ. ಒಪೆರಾದಲ್ಲಿ ರಂಗಸಜ್ಜಿಕೆ ಬರೆಯುತ್ತಿದ್ದ ದೆಗೊತ್ತಿ ಕಟ್ಟಡದ ಪರ್ಸ್‌ಪೆಕ್ಟಿವ್ ಹಾಕಿಕೊಟ್ಟ. ಜನರನ್ನು ಎಲ್ಲಿ ನಿಲ್ಲಿಸಬೇಕು ಅಂತ ನೋಡೋಕೆ ಸಣ್ಣ ಮಾದರಿಯಲ್ಲಿ ಬೊಂಬೆಗಳನ್ನಿಟ್ಟು ಸರಿಸಿ ಸರಿಸಿ ನೋಡಿದ. ಒಬ್ಬೊಬ್ಬರ ರೇಖಾಚಿತ್ರ ಬೇರೆ, ಅದಕ್ಕೆ ಚೌಕುಳಿ ಎಳೆದು ದೊಡ್ಡ ಬಟ್ಟೆಗೆ ಏರಿಸೋದು. ಶಿಷ್ಯ ಜಾರ್ಜ್ ರೂಜೆ ನೆರವಿಗಿದ್ದ.

ಒಟ್ಟು ಜೋಡಣೆಗೆ ರೂಬೆನ್ಸ್ ಬರೆದ ಮಾರಿ ದ ಮೆದಿಚಿಯ ಪಟ್ಟಾಭಿಷೇಕ ಮಾದರಿ. ಮಂಡಿಯೂರಿದ ರಾಣಿ, ಮೇಲೆ ಎತ್ತಿದ ಕಿರೀಟ, ಪಕ್ಕದಲ್ಲಿ ಸಾಲು ಜನ. ಅದೂ ಲೂವ್ರ್‌ನಲ್ಲಿದೆ, 3.94 ಬೈ 7.27 ಮೀಟರ್. ರೂಬೆನ್ಸ್ ಆಕಾಶದಿಂದ ದೇವತೆಗಳನ್ನು ಇಳಿಸಿದ್ದಾನೆ. ದಾವಿದ್ ಇಲ್ಲಿ ಒಬ್ಬರನ್ನೂ ಇಳಿಸಿಲ್ಲ. ಮೇಲಿನ ಅರ್ಧ ಪೂರಾ ಕಲ್ಲು, ಪರದೆ, ಮೇಣದಬತ್ತಿ. ಇಷ್ಟು ಖಾಲಿ ಬಿಟ್ಟದ್ದರಿಂದಲೇ ಕೆಳಗಿನ ಗುಂಪಿಗೆ ಉಸಿರಾಡೋಕೆ ಜಾಗ ಸಿಕ್ಕಿದೆ. ಪ್ರಿಂಟ್‌ನಲ್ಲಿ ‘ಮೇಲೆ ಏನೂ ಇಲ್ಲ’ ಅಂತ ಆ ಭಾಗ ಕತ್ತರಿಸೋರಿದ್ದಾರೆ, ದಯವಿಟ್ಟು ಕತ್ತರಿಸೋಕೆ ಬಿಡಬೇಡಿ.

1808ರ ಜನವರಿ 4ಕ್ಕೆ ನೆಪೋಲಿಯನ್ ಬಂದು ನೋಡಿ, ಈ ಚಿತ್ರದೊಳಗೆ ನಡೆದಾಡಬಹುದು ಅಂತ ಹೇಳಿ, ಟೋಪಿ ತೆಗೆದು ವಂದಿಸಿದ ಅಂತ ದಾಖಲಾಗಿದೆ.

ಸಂಪಿಗೆಮರ

ಚಿತ್ರಕಲಾ ವಿಭಾಗದವರು ನಡುವಿನ ಭಾಗವನ್ನಾದರೂ ಎಣ್ಣೆಬಣ್ಣದಲ್ಲಿ ನಕಲು ಮಾಡೋಣ ಅಂತಿದ್ದಾರೆ. ಮೂರು ತಿಂಗಳು ಸಮಯ ಇದೆ. ಆಗೋ ಕೆಲಸವಾ?

ಸಾಧನಕೇರಿ

ಆಗತೈತ್ರಿ, ಆದ್ರ ಪೂರಾ ಚಿತ್ರಕ್ಕ ಕೈ ಹಾಕಬ್ಯಾಡ್ರಿ. ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ರ 62 ಬೈ 98 ಸೆಂಟಿಮೀಟರ್ ಆಗತೈತಿ, ಮುಂದಿನ ಮುಖ ಎರಡು ಸೆಂಟಿಮೀಟರ್, ಹಿಂದಿನವು ಕಡ್ಲಿಕಾಳಷ್ಟು. ಕಲಿಯೋರ ಕೈಗೆ ಅದು ಬರಂಗಿಲ್ಲ. ನೆಪೋಲಿಯನ್ ಮತ್ತ ಜೋಸೆಫೀನ್ ಇರೋ ಭಾಗ ಅಷ್ಟ ತಗೋರಿ, ಮೂಲದಾಗಿನ 240 ಬೈ 180 ಸೆಂಟಿಮೀಟರ್. ಅದನ್ನ ಅರ್ಧಕ್ಕ ಇಳಿಸಿ 120 ಬೈ 90ರ ಕ್ಯಾನ್ವಾಸಿಗೆ ಹಾಕ್ರಿ. ಕ್ಯಾನ್ವಾಸ್ ಮ್ಯಾಲೆ 10 ಸೆಂಟಿಮೀಟರಿಗೊಂದು ಗೆರಿ ಎಳದ್ರ 108 ಚೌಕ. ಮೂರು ಮಂದಿ ಇದ್ರ ತಲಿಗೆ 36. ಆದ್ರ ಬಣ್ಣ ಹಚ್ಚೂ ಹೊತ್ತಿನ್ಯಾಗ ಚೌಕ ಹಂಚಿಕೋಬ್ಯಾಡ್ರಿ, ಒಂದೊಂದು ಚೌಕದ ಕೆಂಪು ಒಂದೊಂದು ನಮೂನಿ ಆಗತೈತಿ. ಗೆರಿ ಹಂಚಿಕೋರಿ, ಬಣ್ಣ ಬಟ್ಟಿ ಪ್ರಕಾರ ಹಂಚಿಕೋರಿ. ವೆಲ್ವೆಟ್ ಒಬ್ರು, ಬಿಳೇ ರೇಷ್ಮಿ ಒಬ್ರು, ಮುಖ ಕೈ ಒಬ್ರು.

ಇದ್ದಲಿನ್ಯಾಗ ಗೆರಿ ಹಾಕಿದ್ರ ಫಿಕ್ಸ್ ಮಾಡ್ರಿ, ಇಲ್ಲಾಂದ್ರ ಬಿಳೇ ಬಣ್ಣ ಬೂದಿ ಆಗತೈತಿ. ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಹಾಕಿ ತೆಳ್ಳಗ ಮಾಡಿ ಕುಂಚದಾಗ ಗೆರಿ ಹಾಕೋದು ಇನ್ನೂ ಚಲೋ.

ಈ ಚಿತ್ರದಾಗ ಮುಖ್ಯ ಪಾಠ ಅಂದ್ರ ವೆಲ್ವೆಟ್ಟು. ಮಂದಿ ರೇಷ್ಮಿ ಬರ್ದಂಗ ವೆಲ್ವೆಟ್ ಬರೀತಾರ, ಅಲ್ಲೇ ಕೆಡತೈತಿ. ರೇಷ್ಮಿ ಮಡಿಕಿ ಎಲ್ಲಿ ಉಬ್ಬತೈತೋ ಅಲ್ಲಿ ಬೆಳಕು ಬೀಳತೈತಿ. ವೆಲ್ವೆಟ್‌ನ ಎಳಿ ನೆಟ್ಟಗ ನಿಂತಿರ್ತಾವ, ನಿಮ್ಮ ಎದುರಿಗಿರೋ ಭಾಗ ಬೆಳಕನ್ನ ನುಂಗತೈತಿ, ಮಡಿಕಿಯ ಅಂಚು ಹೊರಳೂ ಜಾಗದಾಗ ಹೊಳೀತೈತಿ. ಅಂದ್ರ ಉಬ್ಬು ಕತ್ತಲ, ಅಂಚು ಬೆಳಕ. ಜೋಸೆಫೀನಳ ಮೈ ಮ್ಯಾಲೆ ಎರಡೂ ಒಂದಕ್ಕೊಂದು ಹತ್ತಿಕೊಂಡ ಅದಾವ, ಬಿಳೇ ಉಡುಪು ಮತ್ತ ಕೆಂಪು ಮೇಲಂಗಿ. ಮೊದಲ ಅದೊಂದು ಗೇಣು ಜಾಗ ಬೇರೆ ಕಾಗದದ ಮ್ಯಾಲೆ ಬರ್ದು ನೋಡ್ರಿ.

ಕೆಂಪು ಒಂದ ಸಲಕ್ಕ ಹಚ್ಚೂದಲ್ಲ. ಕೆಳಗ ಕ್ಯಾಡ್ಮಿಯಂ ರೆಡ್‌ಗೆ ಸ್ವಲ್ಪ ಲೈಟ್ ರೆಡ್ ಕೂಡಿಸಿ ಬೆಳಕಿನ ಭಾಗ, ಬರ್ನ್ಟ್ ಸಿಯೆನ್ನಾ ಕೂಡಿಸಿ ನೆರಳು. ಒಂದು ವಾರ ಹತ್ತು ದಿನ ಒಣಗಲಿ. ಆಮ್ಯಾಲೆ ಅಗಸಿ ಎಣ್ಣಿ, ಟರ್ಪೆಂಟೈನ್ ಸಮಸಮ ಕೂಡಿಸಿ ಅದರಾಗ ಗಾಢ ಗುಲಾಲಿ ಕೆಂಪು ತೆಳ್ಳಗ ಎರಡು ಸಲ ಹಾಸ್ರಿ, ನಡುವ ಮತ್ತ ಒಣಗಲಿ. ಹಸಿ ಇದ್ದಾಗ ಹಾಸಿದ್ರ ಕೆಳಗಿನ ಬಣ್ಣ ಕಿತ್ತು ಬರತೈತಿ. ನೆರಳಿಗೆ ಕಪ್ಪು ಹಾಕಬ್ಯಾಡ್ರಿ, ಒಣಗಿದ ರಕ್ತದಂಗ ಕಾಣತೈತಿ.

ತೈಲವರ್ಣ

ಸಾಧನಕೇರಿ ಅವರು ಹೇಳಿದ್ದು ಸರಿ. ಎರಡು ಸೇರಿಸ್ತೀನಿ. ದಾವಿದ್ ಕಾಲಕ್ಕೆ ಕ್ಯಾಡ್ಮಿಯಂ ಇರಲಿಲ್ಲ, ಟೈಟೇನಿಯಂ ಬಿಳಿಯೂ ಇರಲಿಲ್ಲ. ಆಗಿನ ಪ್ಯಾಲೆಟ್ ಅಂದರೆ ಸೀಸದ ಬಿಳಿ, ಇಂಗಳೀಕ (ಪಾದರಸದ ಕೆಂಪು), ಓಕರ್‌ಗಳು, ನೇಪಲ್ಸ್ ಹಳದಿ, ಪ್ರಷ್ಯನ್ ನೀಲಿ, ಲೇಕ್ ಕೆಂಪು. ಸೀಸ, ಇಂಗಳೀಕ ಎರಡೂ ವಿಷ, ಕಾಲೇಜಿನಲ್ಲಿ ಬೇಡ. ಆದರೆ ಟೈಟೇನಿಯಂ ಬಿಳಿ ತುಂಬ ತಣ್ಣಗೆ, ತುಂಬ ದಟ್ಟ. ಅದಕ್ಕೆ ಕಡಲೆ ಗಾತ್ರ ನೇಪಲ್ಸ್ ಹಳದಿ ಬೆರೆಸಿದರೆ ಸೀಸದ ಬಿಳಿಯ ಬೆಚ್ಚಗಿನ ಛಾಯೆಗೆ ಹತ್ತಿರ ಬರುತ್ತೆ.

ಜರಿ ಕೆಲಸಕ್ಕೆ ಬಂಗಾರದ ಪುಡಿ ಬಣ್ಣ ಮುಟ್ಟಬೇಡಿ. ಒಂದು ಕಡೆಯಿಂದ ಹೊಳೆದು ಇನ್ನೊಂದು ಕಡೆಯಿಂದ ಕಪ್ಪಾಗುತ್ತೆ. ಓಕರ್‌ಗೆ ರಾ ಅಂಬರ್ ಸೇರಿಸಿ ಇಡೀ ಕಸೂತಿ ಬರೆದು, ಬೆಳಕು ತಾಗೋ ಕಡೆ ಮಾತ್ರ ನೇಪಲ್ಸ್ ಹಳದಿಯ ಚುಕ್ಕಿ. ಹತ್ತು ಎಲೆಯಲ್ಲಿ ಎರಡಕ್ಕೆ ಚುಕ್ಕಿ ಬಿದ್ದರೆ ಸಾಕು. ಮೇಲಂಗಿಯ ಮೇಲಿರೋದು ಜೇನುನೊಣಗಳು, ಹೂವಲ್ಲ. 1653ರಲ್ಲಿ ಫ್ರಾಂಕರ ಹಳೇ ದೊರೆ ಶಿಲ್ದೆರಿಕ್‌ನ ಸಮಾಧಿಯಲ್ಲಿ ಬಂಗಾರದ ಜೇನುನೊಣಗಳು ಸಿಕ್ಕಿದ್ದವು. ಬೂರ್ಬನ್ ದೊರೆಗಳ ಲಿಲ್ಲಿ ಹೂವಿನ ಬದಲಿಗೆ ನೆಪೋಲಿಯನ್ ಅದನ್ನು ಲಾಂಛನ ಮಾಡಿಕೊಂಡ. ಮಡಿಕೆ ಒಳಗೆ ಹೋದ ಕಡೆ ಜೇನು ಕೂಡ ಸಪೂರ ಆಗಬೇಕು. ಸ್ಟೆನ್ಸಿಲ್ ಇಟ್ಟು ಎಲ್ಲವನ್ನೂ ಒಂದೇ ಅಳತೆಗೆ ಒತ್ತಿದರೆ ಬಟ್ಟೆ ಗೋಡೆಯಾಗುತ್ತೆ.

ಅಂಚಿನಲ್ಲಿರೋ ಅರ್ಮಿನ್ ಅನ್ನೋ ಸಣ್ಣ ಪ್ರಾಣಿಯ ಬಿಳಿ ತುಪ್ಪಳದಲ್ಲೂ ಅದೇ. ಕಪ್ಪು ಬಾಲಗಳನ್ನು ಸಮ ದೂರಕ್ಕೆ ಇಟ್ಟರೆ ಚುಕ್ಕಿ ಬಟ್ಟೆ ಆಗುತ್ತೆ. ಮಡಿಕೆ ಯಾವ ಕಡೆ ಹರಿಯುತ್ತೋ ಬಾಲವೂ ಆ ಕಡೆಗೇ ಬೀಳಲಿ.

ಸಂಪಿಗೆಮರ

ಎಲ್ಲವನ್ನೂ ಅವರಿಗೆ ಕಳಿಸಿದ್ದೀನಿ. ವಿವರಣೆಯ ಹೊಸ ಕರಡು:

“ಚಕ್ರವರ್ತಿ ಮೊದಲನೇ ನೆಪೋಲಿಯನ್‌ನ ಅಭಿಷೇಕ, ಸಾಮ್ರಾಜ್ಞಿ ಜೋಸೆಫೀನಳ ಕಿರೀಟಧಾರಣೆ. ಪ್ಯಾರಿಸ್‌ನ ನೋತ್ರ ದಾಮ್ ಚರ್ಚು, 1804 ಡಿಸೆಂಬರ್ 2. ಚಿತ್ರಕಾರ ಜಾಕ್ ಲೂಯಿ ದಾವಿದ್, 1805–1807. ತೈಲವರ್ಣ, 6.21 × 9.79 ಮೀಟರ್, ಲೂವ್ರ್ ಮ್ಯೂಸಿಯಂ. ಪೋಪ್‌ನಿಂದ ಅಭಿಷೇಕ ಪಡೆದು, ಕಿರೀಟವನ್ನು ತಾನೇ ಧರಿಸಿದ ಬಳಿಕ ನೆಪೋಲಿಯನ್ ಪತ್ನಿಗೆ ಕಿರೀಟ ತೊಡಿಸುತ್ತಿದ್ದಾನೆ. ನಡುವೆ ಎತ್ತರದಲ್ಲಿ ಕುಳಿತ ತಾಯಿ ಲೆತಿಜಿಯಾ ಅಂದು ಸಮಾರಂಭಕ್ಕೆ ಬಂದಿರಲಿಲ್ಲ.”

ನುಡಿಗಟ್ಟು

ಚೆನ್ನಾಗಿದೆ. ಕೊನೆಯ ವಾಕ್ಯದಲ್ಲಿ ‘ಆದರೂ ಚಿತ್ರಕಾರ ಆಕೆಯನ್ನು ಸೇರಿಸಿದ್ದಾನೆ’ ಅಂತ ಜೋಡಿಸಿ, ಇಲ್ಲದಿದ್ದರೆ ಓದಿದವರು ಅಚ್ಚಿನ ತಪ್ಪು ಅಂದುಕೊಳ್ಳಬಹುದು.

ಹಳೇಬರಹ

ಒಂದು ಸಲಹೆ. ಉದ್ದ ವಿವರಣೆಯ ಬದಲಿಗೆ ಪಕ್ಕದಲ್ಲಿ ಒಂದು ಗೆರೆಚಿತ್ರ ಹಾಕಿಸಿ. ಹೊರರೇಖೆ ಮಾತ್ರ, ತಲೆಗಳ ಮೇಲೆ ಸಂಖ್ಯೆ. 1808ರಲ್ಲಿ ಈ ಚಿತ್ರ ಲೂವ್ರ್‌ನಲ್ಲಿ ಪ್ರದರ್ಶನವಾದಾಗ ಜನ ಮುಗಿಬಿದ್ದು ನೋಡಿದ್ದನ್ನು ಬೊಯಿಲಿ ಅನ್ನೋ ಚಿತ್ರಕಾರ 1810ರಲ್ಲಿ ಬರೆದಿದ್ದಾನೆ, ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರಲ್ಲೂ ನೋಡುಗರು ಕೈಲಿ ಅಚ್ಚಾದ ವಿವರಣೆ ಹಿಡಿದು ಚಿತ್ರದಲ್ಲಿ ಯಾರು ಯಾರು ಅಂತ ಹುಡುಕುತ್ತಿದ್ದಾರೆ.

ಹನ್ನೆರಡು ಸಂಖ್ಯೆ ಸಾಕು: ನೆಪೋಲಿಯನ್, ಜೋಸೆಫೀನ್, ಪೋಪ್, ಕಪ್ರಾರಾ, ಲೆತಿಜಿಯಾ, ಜೋಸೆಫೀನಳ ಹಿಂದೆ ದಿಂಬು ಹಿಡಿದ ಸೇನಾನಿ ಮ್ಯೂರಾ, ಎಡದಲ್ಲಿ ನೆಪೋಲಿಯನ್‌ನ ಅಣ್ಣ ಜೋಸೆಫ್, ತಮ್ಮ ಲೂಯಿ, ಬಲದಲ್ಲಿ ಹದ್ದಿನ ರಾಜದಂಡ ಹಿಡಿದ ಲೆಬ್ರನ್, ನ್ಯಾಯಹಸ್ತ (ತುದಿಯಲ್ಲಿ ಕೈ ಆಕಾರ ಇರೋ ದಂಡ) ಹಿಡಿದ ಕಂಬಸೆರೆಸ್, ಕೆಂಪು ಮೇಲಂಗಿಯ ಮಂತ್ರಿ ತಾಲೆರಾಂ, ಮೇಲಿನ ಗ್ಯಾಲರಿಯಲ್ಲಿ ದಾವಿದ್.

ಅಚ್ಚುಮೊಳೆ

ಗೆರೆಚಿತ್ರ ಎ3 ಗಾತ್ರದಲ್ಲಿ ಬೇರೆ ಹಾಳೆಯಾಗಿರಲಿ, ದೊಡ್ಡ ಪ್ರಿಂಟ್ ಮೇಲೆ ಸಂಖ್ಯೆ ಹಾಕಿಸಬೇಡಿ. ಪ್ರಿಂಟ್‌ನ ಕೆಳ ಅಂಚು ನೆಲದಿಂದ 80 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಆಗ ಎದುರಿಗೆ ನಿಂತವರ ಕಣ್ಣು ಹೆಚ್ಚುಕಡಿಮೆ ಕಿರೀಟ ಎತ್ತಿದ ಕೈಗಳ ಮಟ್ಟಕ್ಕಿರುತ್ತೆ. ವಿವರಣೆಯ ಅಕ್ಷರ 24 ಪಾಯಿಂಟ್‌ಗಿಂತ ಸಣ್ಣದಾಗಬಾರದು, ಒತ್ತಕ್ಷರಗಳು ಮುಂದಿನ ಸಾಲಿಗೆ ತಾಗದ ಹಾಗೆ ಸಾಲಿನ ಅಂತರ 36 ಪಾಯಿಂಟ್ ಕೊಡಿಸಿ.